ರನ್‌ಫ್ಲಾಟ್ ಬಿಟ್ಟು ಸಾಮಾನ್ಯ ಟೈರಿಗೆ: ನನ್ನ ಅನುಭವ

ನನ್ನ ಕಾರು ಕಾರ್ಖಾನೆಯಿಂದಲೇ ರನ್‌ಫ್ಲಾಟ್ ಟೈರುಗಳೊಂದಿಗೆ, ಅಂದರೆ ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ ಟೈರುಗಳೊಂದಿಗೆ, ಬಂದದ್ದು. ಡಿಕ್ಕಿಯಲ್ಲಿ ಸ್ಟೆಪ್ನಿ ಇರಲಿಲ್ಲ, ಜಾಕ್ ಇರಲಿಲ್ಲ, ಚಕ್ರ ಬಿಚ್ಚುವ ಸ್ಪ್ಯಾನರ್ ಸಹ ಇರಲಿಲ್ಲ. ಆ ಟೈರುಗಳು ಸವೆದು ಬದಲಿಸುವ ಕಾಲ ಬಂದಾಗ ನಾಲ್ಕನ್ನೂ ತೆಗೆಸಿ ಸಾಮಾನ್ಯ ಟೈರುಗಳನ್ನು ಹಾಕಿಸಿದೆ. ಹಾಕಿಸುವ ಕೆಲಸ ಒಂದೇ ದಿನದಲ್ಲಿ ಮುಗಿಯಿತು. ಅದಕ್ಕೆ ಮುಂಚಿನ ಸಿದ್ಧತೆಗೇ ಹೆಚ್ಚು ಸಮಯ ಹಿಡಿಯಿತು. ಏಕೆಂದರೆ ಇಲ್ಲಿ ಬದಲಾಗುವುದು ಟೈರು ಮಾತ್ರವಲ್ಲ. ಪಂಕ್ಚರ್ ಆದಾಗ ಏನು ಮಾಡಬೇಕೆಂಬ ಪ್ರಶ್ನೆಗೆ ಅದುವರೆಗೆ ಟೈರೇ ಉತ್ತರವಾಗಿತ್ತು. ಇನ್ನು ಮುಂದೆ ಆ ಉತ್ತರವನ್ನು ಕಾರಿನ ಮಾಲೀಕನೇ ಡಿಕ್ಕಿಯಲ್ಲಿ ಇಟ್ಟುಕೊಂಡು ಓಡಾಡಬೇಕು.

ಸಾಮಾನ್ಯ ಟೈರಿನಲ್ಲಿ ಕಾರಿನ ಭಾರವನ್ನು ಬಹುತೇಕ ಹೊರುವುದು ಒಳಗಿನ ಗಾಳಿ. ಗಾಳಿ ಹೋದರೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಮಡಚಿಕೊಂಡು ರಿಮ್‌ನ ಅಂಚಿಗೂ ರಸ್ತೆಗೂ ನಡುವೆ ಸಿಕ್ಕಿ ಸ್ವಲ್ಪ ದೂರದಲ್ಲೇ ಹಾಳಾಗುತ್ತದೆ. ರನ್‌ಫ್ಲಾಟ್ ಟೈರಿನ ಸೈಡ್‌ವಾಲ್ ಒಳಗೆ ಶಾಖ ತಡೆಯುವ ಗಟ್ಟಿ ರಬ್ಬರಿನ ದಪ್ಪ ಪದರವಿರುವುದರಿಂದ, ಗಾಳಿ ಪೂರ್ತಿ ಹೋದ ಮೇಲೂ ಅದು ಕಾರನ್ನು ಎತ್ತಿ ಹಿಡಿಯುತ್ತದೆ. ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ ಸುಮಾರು 80 ಕಿ.ಮೀ. ದೂರ ಹೋಗಲು ತಯಾರಕರು ಅನುಮತಿ ನೀಡುತ್ತಾರೆ. 1997ರಲ್ಲಿ ಬಂದ ಐದನೆಯ ತಲೆಮಾರಿನ ಶೆವರ್ಲೆ ಕಾರ್ವೆಟ್ ಈ ಬಗೆಯ ಟೈರನ್ನು ನಂಬಿ ಸ್ಟೆಪ್ನಿಯನ್ನೇ ಕೈಬಿಟ್ಟಿತ್ತು; 2000ದ ದಶಕದಲ್ಲಿ ಬಿಎಂಡಬ್ಲ್ಯು ತನ್ನ ಹಲವು ಮಾದರಿಗಳಿಗೆ ಇದನ್ನು ಅಳವಡಿಸಿತು. ಅನುಕೂಲವೇನೋ ದೊಡ್ಡದೇ. ಆದರೆ ಗಾಳಿಯಿಲ್ಲದಿದ್ದಾಗ ಕಾರನ್ನು ಹೊರುವ ಆ ದಪ್ಪ ರಬ್ಬರು ಗಾಳಿ ಇರುವಾಗಲೂ ಅಲ್ಲೇ ಇರುತ್ತದೆ, ಬಗ್ಗಬೇಕಾದಲ್ಲಿ ಬಗ್ಗುವುದಿಲ್ಲ. ಗುಂಡಿಯ ಚೂಪು ಅಂಚು, ಸೇತುವೆಯ ಜೋಡಣೆಯ ಪಟ್ಟಿ, ಕಿತ್ತುಹೋದ ಡಾಂಬರು, ಎಲ್ಲದರ ಹೊಡೆತವೂ ನೇರವಾಗಿ ಸಸ್ಪೆನ್ಷನ್‌ಗೂ ಕುಳಿತವರ ಬೆನ್ನಿಗೂ ತಲುಪುತ್ತದೆ. ಇತ್ತೀಚಿನ ರನ್‌ಫ್ಲಾಟ್‌ಗಳು ಮೊದಲಿನವುಗಳಿಗಿಂತ ಮೃದುವೆಂಬುದು ನಿಜವಾದರೂ ನನ್ನ ಕಾರಿನಲ್ಲಿದ್ದವು ಹಾಗಿರಲಿಲ್ಲ. ಇನ್ನೊಂದು ಕಾರಣವೂ ಇತ್ತು. ಗಾಳಿಯಿಲ್ಲದೆ ಓಡಿಸಿದ ರನ್‌ಫ್ಲಾಟ್‌ಗೆ ಪಂಕ್ಚರ್ ಹಾಕಿಸಬಾರದೆಂದು ಅನೇಕ ತಯಾರಕರು ಹೇಳುತ್ತಾರೆ, ಏಕೆಂದರೆ ಸೈಡ್‌ವಾಲ್‌ನ ಒಳಭಾಗಕ್ಕೆ ಆದ ಹಾನಿ ಹೊರಗಿನಿಂದ ಕಾಣುವುದಿಲ್ಲ. ಹೀಗಾಗಿ ಒಂದು ಸಣ್ಣ ಮೊಳೆಗೆ ಇಡೀ ಟೈರನ್ನೇ ಬಲಿಕೊಡಬೇಕಾಗಬಹುದು.

ಕಾರಿನಲ್ಲಿರುವುದು ರನ್‌ಫ್ಲಾಟ್ ಹೌದೋ ಅಲ್ಲವೋ ಎಂಬುದನ್ನು ಸೈಡ್‌ವಾಲ್ ಮೇಲಿನ ಅಕ್ಷರಗಳಿಂದಲೇ ತಿಳಿಯಬಹುದು. ಬ್ರಿಡ್ಜ್‌ಸ್ಟೋನ್ ಆರ್‌ಎಫ್‌ಟಿ ಎಂದೂ, ಮಿಶೆಲಿನ್ ಜೆಡ್‌ಪಿ ಎಂದೂ, ಕಾಂಟಿನೆಂಟಲ್ ಎಸ್‌ಎಸ್‌ಆರ್ ಎಂದೂ, ಗುಡ್‌ಇಯರ್ ಆರ್‌ಒಎಫ್ ಎಂದೂ ಗುರುತು ಹಾಕುತ್ತವೆ. ರಿಮ್ ಬದಲಿಸಬೇಕೇ ಎಂಬ ಅನುಮಾನ ಹಲವರಿಗಿರುತ್ತದೆ, ಬದಲಿಸಬೇಕಾಗಿಲ್ಲ. ಗಾಳಿ ಹೋದಾಗ ಟೈರಿನ ಬೀಡ್, ಅಂದರೆ ರಿಮ್ ಮೇಲೆ ಕೂರುವ ಒಳ ಅಂಚು, ಜಾರದಂತೆ ಹಿಡಿಯಲು ಇಂತಹ ಕಾರುಗಳ ರಿಮ್‌ನಲ್ಲಿ ತುಸು ಎತ್ತರದ ಉಬ್ಬು ಇರುತ್ತದೆ, ಅದಕ್ಕೆ ಇಎಚ್2 ಎಂದು ಹೆಸರು. ಸಾಮಾನ್ಯ ಟೈರೂ ಅದರ ಮೇಲೆ ಸರಿಯಾಗಿಯೇ ಕೂರುತ್ತದೆ.

ಟೈರಿನ ಆಯ್ಕೆಯಲ್ಲಿ ನಾನು ಪಟ್ಟು ಹಿಡಿದದ್ದು ಅಳತೆಯ ಕೊನೆಯಲ್ಲಿರುವ ಅಂಕಿಯ ವಿಷಯದಲ್ಲಿ. 225/45 ಆರ್17 91 ಡಬ್ಲ್ಯು ಎಂದು ಬರೆದಿದ್ದರೆ ಮೊದಲ ಭಾಗವನ್ನು ಎಲ್ಲರೂ ನೋಡುತ್ತಾರೆ, ಕೊನೆಯ ಭಾಗವನ್ನು ಅಂಗಡಿಯವರೂ ಕೆಲವೊಮ್ಮೆ ಬಿಟ್ಟುಬಿಡುತ್ತಾರೆ. 91 ಎಂದರೆ ಆ ಒಂದು ಟೈರು 615 ಕಿಲೋ ಹೊರಬಲ್ಲದು, ಡಬ್ಲ್ಯು ಎಂದರೆ ಗಂಟೆಗೆ 270 ಕಿ.ಮೀ. ವೇಗದವರೆಗೆ ಯೋಗ್ಯ. ಆ ವೇಗವನ್ನು ನಾನು ಎಂದೂ ಮುಟ್ಟುವವನಲ್ಲ, ಆದರೂ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಭಾರ ಹೊರುವ ಅಥವಾ ಕಡಿಮೆ ವೇಗದ ಟೈರನ್ನು ಒಪ್ಪಿಕೊಳ್ಳಲಿಲ್ಲ. ತಯಾರಿಕೆಯ ದಿನವನ್ನೂ ನೋಡಿಕೊಂಡೆ: ಸೈಡ್‌ವಾಲ್ ಮೇಲೆ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು ವಾರ ಮತ್ತು ವರ್ಷವನ್ನು ಹೇಳುತ್ತವೆ, 2324 ಎಂದಿದ್ದರೆ ಅದು 2024ರ 23ನೆಯ ವಾರದ ಟೈರು. ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕೆಂಬುದರಲ್ಲಿ ನನಗೆ ಎರಡು ಮಾತಿರಲಿಲ್ಲ. ಎರಡು ಬಗೆಯ ಟೈರು ಬೆರೆತರೆ ತಿರುವಿನಲ್ಲಿಯೂ ಜೋರು ಬ್ರೇಕಿನಲ್ಲಿಯೂ ಕಾರಿನ ಮುಂಭಾಗ ಒಂದು ರೀತಿ, ಹಿಂಭಾಗ ಇನ್ನೊಂದು ರೀತಿ ವರ್ತಿಸುತ್ತದೆ. ಬದಲಾವಣೆಯ ವಿಷಯವನ್ನು ವಿಮಾ ಕಂಪನಿಗೂ ಬರೆದು ತಿಳಿಸಿದೆ.

ಇನ್ನು ಪಂಕ್ಚರ್‌ನ ಮಾತು. ನನ್ನ ಮುಂದೆ ಮೂರು ದಾರಿಗಳಿದ್ದವು, ಮೂರರಲ್ಲೂ ಕೊರತೆಗಳಿದ್ದವು. ಮೊದಲನೆಯದು ಸೀಲಂಟ್ (ಒಳಗಿನಿಂದ ತೂತು ಮುಚ್ಚುವ ಅಂಟು ದ್ರವ) ಬಾಟಲಿ ಮತ್ತು ಗಾಳಿ ತುಂಬುವ ಸಣ್ಣ ಕಂಪ್ರೆಸರ್. ಬಳಸುವುದು ಸುಲಭ, ಜಾಗವೂ ಬೇಡ. ಆದರೆ ರಸ್ತೆಗೆ ತಾಗುವ ಭಾಗದಲ್ಲಿ ಸುಮಾರು 6 ಮಿ.ಮೀ. ವರೆಗಿನ ತೂತಿಗೆ ಮಾತ್ರ ಅದರ ಉಪಯೋಗ. ಸೈಡ್‌ವಾಲ್ ಹರಿದರೆ ಅದು ಕೆಲಸಕ್ಕೆ ಬಾರದು. ಹಾಕಿದ ಮೇಲೆ ದ್ರವ ಒಳಗೆಲ್ಲ ಹರಡಲೆಂದು ಕೂಡಲೇ ಕೆಲವು ಕಿಲೋಮೀಟರ್ ಓಡಿಸಿ ಗಾಳಿಯ ಒತ್ತಡವನ್ನು ಮತ್ತೆ ನೋಡಬೇಕು, ಆಮೇಲೆ ಟೈರನ್ನು ಬಿಚ್ಚುವವನು ಆ ಅಂಟನ್ನೆಲ್ಲ ಒರೆಸಿ ತೆಗೆಯಬೇಕು. ಎರಡನೆಯದು ಪ್ಲಗ್ ಕಿಟ್, ಅಂದರೆ ಮೊಳೆ ಕಿತ್ತು, ತೂತನ್ನು ರೀಮರ್ ಎಂಬ ಒರಟು ಸಲಾಕೆಯಿಂದ ಉಜ್ಜಿ, ಅಂಟಿನಲ್ಲಿ ನೆನೆದ ದಾರವನ್ನು ಒಳಗೆ ತೂರಿಸುವುದು. ಚಕ್ರವನ್ನು ಬಿಚ್ಚದೆಯೇ ಮಾಡಬಹುದಾದ ಕೆಲಸವಿದು, ನನಗೆ ಹೆಚ್ಚು ಹಿಡಿಸಿದ್ದೂ ಇದೇ. ಆದರೆ ಇದೂ ಟೈರಿನ ಭುಜಕ್ಕಾಗಲಿ (ರಸ್ತೆಗೆ ತಾಗುವ ಭಾಗ ಸೈಡ್‌ವಾಲ್ ಕಡೆಗೆ ತಿರುಗುವ ಅಂಚು) ಸೈಡ್‌ವಾಲ್‌ಗಾಗಲಿ ಅಲ್ಲ, ಮತ್ತು ಬಿಡುವಾದಾಗ ಒಳಗಿನಿಂದ ಸರಿಯಾದ ಪ್ಯಾಚ್ ಹಾಕಿಸುವುದು ಒಳ್ಳೆಯದು.

ಮೂರನೆಯದು ತೆಳು ಸ್ಟೆಪ್ನಿ, ಅಂದರೆ ತಾತ್ಕಾಲಿಕ ಬಳಕೆಯ ಕಿರಿದಾದ ಚಕ್ರ. ಸೈಡ್‌ವಾಲ್ ಸೀಳಿದಾಗಲೂ ಕೈಹಿಡಿಯುವುದು ಇದೊಂದೇ. ಕೊಳ್ಳುವಾಗ ಬೋಲ್ಟ್ ತೂತುಗಳ ಅಂತರ, ನಡುವಿನ ತೂತಿನ ವ್ಯಾಸ, ಟೈರಿನ ಹೊರವ್ಯಾಸ ಎಲ್ಲವೂ ನಮ್ಮ ಕಾರಿಗೆ ಹೊಂದಬೇಕು. ಅವೆಲ್ಲ ಹೊಂದಿದರೂ ಮುಂದಿನ ಬ್ರೇಕ್ ಕ್ಯಾಲಿಪರ್‌ಗೆ (ಬ್ರೇಕಿನ ಡಿಸ್ಕನ್ನು ಹಿಡಿಯುವ ಭಾಗ) ರಿಮ್ ತಗುಲುವ ಸಾಧ್ಯತೆ ಇದ್ದೇ ಇದೆ. ಆದ್ದರಿಂದ ಮನೆಯಲ್ಲೇ ಒಮ್ಮೆ ಮುಂದಿನ ಚಕ್ರದ ಜಾಗಕ್ಕೆ ಹಾಕಿ ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿದ ಮೇಲೆಯೇ ಅದನ್ನು ಇಟ್ಟುಕೊಂಡೆ. ಸ್ಟೀಲ್ ರಿಮ್ ಆದರೆ ಅಲಾಯ್‌ನ ಬೋಲ್ಟುಗಳು ಉದ್ದವಾಗಿ ಬಿಡಬಹುದು, ಅದಕ್ಕೆಂದೇ ಬೇರೆ ಬೋಲ್ಟುಗಳು ಬೇಕಾಗಬಹುದು. ಇಂತಹ ಚಕ್ರಗಳಲ್ಲಿ ಸಾಮಾನ್ಯವಾಗಿ 4.2 ಬಾರ್, ಅಂದರೆ ಸುಮಾರು 60 ಪಿಎಸ್‌ಐ ಗಾಳಿ ಇರಬೇಕು. ವೇಗ 80 ಕಿ.ಮೀ. ಮೀರಬಾರದು. ನನ್ನ ಡಿಕ್ಕಿಯಲ್ಲಿ ಅದಕ್ಕೆಂದು ಕುಳಿಯೇ ಇಲ್ಲದ ಕಾರಣ ದೂರದ ಪ್ರಯಾಣಕ್ಕೆ ಮಾತ್ರ ಒಯ್ಯುತ್ತೇನೆ, ಅದೂ ನೆಲದ ಕೊಂಡಿಗಳಿಗೆ ಬೆಲ್ಟಿನಿಂದ ಬಿಗಿದು. ಜೋರಾಗಿ ಬ್ರೇಕ್ ಹಾಕಿದಾಗ ಬಿಡಿಯಾಗಿರುವ ಚಕ್ರ ಹಿಂದಿನ ಸೀಟಿಗೆ ಬಂದು ಬಡಿಯುವುದನ್ನು ಯಾರೂ ಬಯಸುವುದಿಲ್ಲ. ಊರೊಳಗಿನ ಓಡಾಟಕ್ಕೆ ಕಂಪ್ರೆಸರ್, ಪ್ಲಗ್ ಕಿಟ್ ಮತ್ತು ಸೀಲಂಟ್ ಸದಾ ಕಾರಿನಲ್ಲಿರುತ್ತವೆ. ಮುಂದಿನ ಮತ್ತು ಹಿಂದಿನ ಟೈರುಗಳ ಅಳತೆ ಬೇರೆ ಬೇರೆಯಾಗಿರುವ ಕಾರುಗಳಲ್ಲಿ ಒಂದೇ ಸ್ಟೆಪ್ನಿ ಎರಡೂ ಕಡೆ ಸಲ್ಲದಿರಬಹುದು, ಅದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಟೈರು ಬಿಚ್ಚುವ ಅಂಗಡಿಯನ್ನು ಆರಿಸುವಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ಯಂತ್ರಕ್ಕೆ ಗಟ್ಟಿ ಸೈಡ್‌ವಾಲನ್ನು ಒತ್ತಿ ಹಿಡಿಯುವ ಸಹಾಯಕ ತೋಳು ಇದೆಯೇ? ರನ್‌ಫ್ಲಾಟ್‌ನ ಸೈಡ್‌ವಾಲ್ ಬಗ್ಗದ ಕಾರಣ ಅದಿಲ್ಲದೆ ಸನ್ನೆಕೋಲು ಹಾಕಿ ಮೀಟಿದರೆ ರಿಮ್‌ನ ಅಂಚು ಕೆತ್ತಿಹೋಗುವುದು ಖಂಡಿತ. ತೋಳಿದ್ದರೂ ಕೆಲಸ ಸಲೀಸಾಗಿರಲಿಲ್ಲ. ಬೀಡ್ ಬಿಡಿಸುವಾಗ ಯಂತ್ರದ ಪಟ್ಟಿ ಎರಡು ಮೂರು ಕಡೆ ಒತ್ತಿದ ಮೇಲೆಯೇ ಟೈರು ಸದ್ದು ಮಾಡಿ ರಿಮ್ ಬಿಟ್ಟಿತು. ಬಿಚ್ಚಿದ ಹಳೆಯ ಟೈರಿನ ಮೇಲೆ ನನ್ನ ಪೂರ್ತಿ ತೂಕ ಹಾಕಿ ಒತ್ತಿದೆ, ಸೈಡ್‌ವಾಲ್ ಅಲುಗಲಿಲ್ಲ. ಪಕ್ಕದಲ್ಲಿದ್ದ ಹೊಸ ಟೈರು ಒಂದು ಅಂಗೈ ಒತ್ತಡಕ್ಕೇ ಒಳಕ್ಕೆ ಬಾಗಿತು. ಹಳೆಯ ಟೈರುಗಳಲ್ಲಿ ಒಂದನ್ನು ಮನೆಗೆ ತಂದು ಅದರಲ್ಲಿ ಮೊಳೆ ಹೊಡೆದು ಪ್ಲಗ್ ಹಾಕುವುದನ್ನು ಅಭ್ಯಾಸ ಮಾಡಿದ್ದು ಬಹಳ ಉಪಯೋಗಕ್ಕೆ ಬಂತು. ಟ್ರೆಡ್‌ನ (ರಸ್ತೆಗೆ ತಾಗುವ ಭಾಗದ) ಕೆಳಗಿನ ಉಕ್ಕಿನ ತಂತಿಗಳು ರೀಮರನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತವೆಂಬುದು ಕೈಗೆ ತಿಳಿಯದ ಹೊರತು ಕಿಟ್ ಇದ್ದೂ ಇಲ್ಲದಂತೆಯೇ.

ಗಾಳಿಯ ಒತ್ತಡದ ಎಚ್ಚರಿಕೆಯ ವ್ಯವಸ್ಥೆಯನ್ನು ಮರೆಯುವಂತಿಲ್ಲ. ನನ್ನ ಕಾರಿನಲ್ಲಿರುವುದು ಚಕ್ರದೊಳಗೆ ಸೆನ್ಸರ್ ಇಲ್ಲದ ಬಗೆ. ಗಾಳಿ ಇಳಿದ ಟೈರಿನ ಸುತ್ತಳತೆ ತುಸು ಕುಗ್ಗಿ ಆ ಚಕ್ರ ಉಳಿದವುಗಳಿಗಿಂತ ಬೇಗ ತಿರುಗುತ್ತದೆ, ಅದನ್ನು ಬ್ರೇಕಿನ ಎಬಿಎಸ್ ವ್ಯವಸ್ಥೆಗೆಂದು ಚಕ್ರದ ವೇಗ ಅಳೆಯುವ ಸೆನ್ಸರ್‌ಗಳು ಗುರುತಿಸುತ್ತವೆ. ಹೊಸ ಟೈರಿಗೆ ಗಾಳಿ ತುಂಬಿದ ಕೂಡಲೇ ಅದನ್ನು ರೀಸೆಟ್ ಮಾಡಿದೆ. ನಾಲ್ಕೂ ಟೈರುಗಳಲ್ಲಿ ಒಂದೇ ಸಮನೆ ನಿಧಾನವಾಗಿ ಗಾಳಿ ಇಳಿದರೆ ಈ ಬಗೆಯ ವ್ಯವಸ್ಥೆಗೆ ಗೊತ್ತಾಗದೆಯೂ ಇರಬಹುದಾದ್ದರಿಂದ ಟೈರು ತಣ್ಣಗಿರುವಾಗ ಗೇಜ್ ಹಿಡಿದು ನೋಡುವುದನ್ನು ರೂಢಿಸಿಕೊಂಡಿದ್ದೇನೆ. ಇದಕ್ಕಿಂತ ಮುಖ್ಯವಾದ ಸಂಗತಿ ಬೇರೆಯೇ ಇದೆ. ರನ್‌ಫ್ಲಾಟ್ ಇದ್ದಾಗ ಆ ದೀಪ ಹೊತ್ತಿಕೊಂಡರೆ ನಿಧಾನವಾಗಿ ಅಂಗಡಿಗೆ ಹೋಗಿ ಎಂದರ್ಥ. ಈಗ ಅದೇ ದೀಪ, ಸುರಕ್ಷಿತ ಜಾಗ ನೋಡಿ ಕೂಡಲೇ ನಿಲ್ಲಿಸಿ ಎನ್ನುತ್ತದೆ. ಮನೆಯಲ್ಲಿ ಈ ಕಾರನ್ನು ಓಡಿಸುವ ಎಲ್ಲರಿಗೂ ಇದನ್ನು ಬಿಡಿಸಿ ಹೇಳಿದ್ದೇನೆ.

ಓಡಿಸುವಾಗಿನ ವ್ಯತ್ಯಾಸ ಅಂಗಡಿಯಿಂದ ಹೊರಬೀಳುವಾಗಲೇ ತಿಳಿಯಿತು. ಸಣ್ಣ ತಗ್ಗುಗಳ ಸದ್ದು ಮಂಕಾಯಿತು, ಸ್ಟೀರಿಂಗ್‌ಗೆ ಬರುತ್ತಿದ್ದ ಚುರುಕು ನಡುಕ ಹೋಯಿತು. ಪ್ರತಿಯಾಗಿ ಕಳೆದುಕೊಂಡದ್ದೂ ಇದೆ: ಸ್ಟೀರಿಂಗ್ ತಿರುಗಿಸಿದ ಕ್ಷಣಕ್ಕೂ ಕಾರು ತಿರುಗುವ ಕ್ಷಣಕ್ಕೂ ನಡುವೆ ಕೂದಲೆಳೆಯಷ್ಟು ತಡ ಮೊದಮೊದಲು ಅನುಭವಕ್ಕೆ ಬರುತ್ತಿತ್ತು. ಕಾರ್ಖಾನೆಯವರು ಈ ಸಸ್ಪೆನ್ಷನ್ ಹೊಂದಿಸಿದ್ದು ಗಟ್ಟಿ ಟೈರಿಗಾಗಿ ಎಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಅದನ್ನು ಸರಿದೂಗಿಸಲು ಗಾಳಿ ಹೆಚ್ಚಿಸುವವರಿದ್ದಾರೆ. ನಾನು ಬಾಗಿಲಿನ ಬಳಿ ಅಂಟಿಸಿರುವ ಪಟ್ಟಿಯ ಒತ್ತಡವನ್ನೇ ಉಳಿಸಿಕೊಂಡೆ, ಏಕೆಂದರೆ ಗಾಳಿ ಹೆಚ್ಚಿಸಿದರೆ ಯಾವ ಮೃದುತ್ವಕ್ಕಾಗಿ ಬದಲಿಸಿದೆನೋ ಅದೇ ಹೋಗುತ್ತದೆ.

ರಾತ್ರಿ ಹೊತ್ತು ಒಂಟಿಯಾಗಿ ನಿರ್ಜನ ದಾರಿಯಲ್ಲಿ ಓಡಾಡುವವರಿಗೆ, ನೆಲದ ಮೇಲೆ ಕೂತು ಚಕ್ರ ಬಿಚ್ಚಲು ದೇಹ ಒಪ್ಪದವರಿಗೆ ನಾನು ಈ ಬದಲಾವಣೆಯನ್ನು ಸೂಚಿಸುವುದಿಲ್ಲ. ಅಂಥವರಿಗೆ ಗಟ್ಟಿ ಸವಾರಿಯೇ ಅಗ್ಗ. ಬದಲಿಸಿದವರು ಸ್ವಲ್ಪ ದೂರ ಓಡಿಸಿದ ಮೇಲೆ ಚಕ್ರದ ಬೋಲ್ಟುಗಳ ಬಿಗಿಯನ್ನು ಬಿಗಿಯ ಬಲ ಅಳೆಯುವ ಟಾರ್ಕ್ ರೆಂಚ್‌ನಿಂದ ಮತ್ತೊಮ್ಮೆ ನೋಡಬೇಕು. ಸೀಲಂಟ್ ಬಾಟಲಿಗೂ ಅವಧಿ ಇರುತ್ತದೆ, ಅದು ಮುಗಿಯುವ ದಿನವನ್ನು ನಾನು ಕಾರಿನ ವಿಮೆಯ ದಿನದ ಪಕ್ಕದಲ್ಲೇ ಬರೆದಿಟ್ಟಿದ್ದೇನೆ.