ಎಮ್ಯುಲೇಟರ್ ಬಿಟ್ಟು ಹಣದ ಲೆಕ್ಕ ಟೆಸ್ಟ್ ಮಾಡಿದ್ದು: ನನ್ನ ಅನುಭವ

ಆಂಡ್ರಾಯ್ಡ್ ಬಿಲ್ಲಿಂಗ್ ಆ್ಯಪ್‌ನ ಲೆಕ್ಕಾಚಾರವನ್ನೆಲ್ಲ ಬರೀ ಜೆವಿಎಂ (ಕಂಪ್ಯೂಟರಿನಲ್ಲೇ ಜಾವಾ ಕೋಡ್ ಓಡಿಸುವ ತಂತ್ರಾಂಶ) ಮೇಲೆ ಟೆಸ್ಟ್ ಮಾಡೋದು ಆಗದ ಮಾತು ಅಂದವರೇ ಹೆಚ್ಚು. ಈಗ 600 ಚಿಲ್ಲರೆ ಟೆಸ್ಟ್‌ಗಳು ಒಂದೂವರೆ ನಿಮಿಷದೊಳಗೆ ಮುಗಿಯುತ್ತವೆ. ಎಮ್ಯುಲೇಟರ್ (ಕಂಪ್ಯೂಟರಿನಲ್ಲಿ ಓಡುವ ನಕಲಿ ಫೋನ್) ಮೇಲೆ ಹೆಚ್ಚುಕಮ್ಮಿ 25 ನಿಮಿಷ ಹಿಡಿಯುತ್ತಿತ್ತು. ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಬರುತ್ತಿದ್ದ ಸಿಐ (ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ಸರ್ವರ್) ಬಿಲ್ಲು ಈಗ ಎರಡು ಸಾವಿರ ದಾಟಲ್ಲ.

ಅವರ ಅನುಮಾನ ಸುಳ್ಳಲ್ಲ. ಅಂಕಿಗೆ ಅಲ್ಪವಿರಾಮ ಹಾಕಿಕೊಡುವ ನಂಬರ್‌ಫಾರ್ಮ್ಯಾಟ್ ಕ್ಲಾಸಿಗೆ ಭಾರತದ ಲೊಕೇಲ್ (ಭಾಷೆ-ದೇಶದ ಸೆಟ್ಟಿಂಗ್) ಕೊಟ್ಟರೆ ಫೋನಿನಲ್ಲಿ ₹1,23,456.00, ಲ್ಯಾಪ್‌ಟಾಪಿನಲ್ಲಿ ₹123,456.00. ಆಂಡ್ರಾಯ್ಡ್‌ನಲ್ಲಿ ಆ ಕ್ಲಾಸಿನ ಹಿಂದೆ ಐಸಿಯು ಅನ್ನೋ ಲೈಬ್ರರಿ ಇದೆ, ಅದಕ್ಕೆ ಲಕ್ಷ-ಕೋಟಿಯ ಗುಂಪು ಗೊತ್ತು. ಜೆವಿಎಂನ ಡೆಸಿಮಲ್‌ಫಾರ್ಮ್ಯಾಟ್‌ಗೆ ಒಂದೇ ಅಳತೆಯ ಗುಂಪು ಗೊತ್ತು, ಮೂರು ಮೂರು. ರೋಬೋಲೆಕ್ಟ್ರಿಕ್ (ಜೆವಿಎಂ ಮೇಲೆ ಆಂಡ್ರಾಯ್ಡನ್ನು ಅನುಕರಿಸುವ ಲೈಬ್ರರಿ) ಹಾಕಿದರೂ ಅಷ್ಟೇ, ಈ ಕ್ಲಾಸುಗಳಿರುವ ಜಾವಾ.ಟೆಕ್ಸ್ಟ್ ಜೆವಿಎಂನದೇ ಬರುತ್ತೆ. 99,999ರವರೆಗೆ ಎರಡೂ ಕಡೆ ಪಾಸ್ ಆಗೋದರಿಂದ ಸುಳಿವೂ ಸಿಗಲ್ಲ.

ಕೊನೆಗೆ ದುಡ್ಡನ್ನು ಪೈಸೆಯಲ್ಲಿ ಲಾಂಗ್ (ಪೂರ್ಣಾಂಕ) ಆಗಿ ಇಟ್ಟು, ಗುಂಪು ಮಾಡೋ ಫಂಕ್ಷನ್ನನ್ನು ಕೈಯಾರೆ ಬರೆದೆ: ಬಲದಿಂದ ಮೂರು, ಆಮೇಲೆ ಎರಡೆರಡು. ಟೆಸ್ಟ್‌ಗೆ 0, 999, 1000, 99999, 100000, 9999999, 10000000 ಸಾಕು. ಕೈಕೊಡೋದು ಮೈನಸ್. ಅದನ್ನೂ ಅಂಕಿ ಅಂತ ಎಣಿಸಿದರೆ ‘-,123’. ಮೈನಸ್ 50 ಪೈಸೆಯನ್ನು 100ರಿಂದ ಭಾಗಿಸಿದರೆ 0, ಶೇಷ -50, ತೆರೆ ಮೇಲೆ ‘0.-50’! ಚಿಹ್ನೆಯನ್ನು ಮೊದಲೇ ಕಿತ್ತಿಟ್ಟು ಕೊನೆಗೆ ಅಂಟಿಸಿ.

ಜೆವಿಎಂ ಟೆಸ್ಟ್‌ನಲ್ಲಿ ಆಂಡ್ರಾಯ್ಡ್‌ನ ಫಂಕ್ಷನ್ ಕರೆದಾಗ ‘ನಾಟ್ ಮಾಕ್ಡ್’ ಎರರ್ ಬರುತ್ತೆ; ಬಂದ ಕೂಡಲೇ ಗ್ರೇಡಲ್‌ನಲ್ಲಿ (ಆ್ಯಪ್ ಕಟ್ಟುವ ಸಾಧನ) ರಿಟರ್ನ್‌ಡೀಫಾಲ್ಟ್‌ವ್ಯಾಲ್ಯೂಸ್ ಟ್ರೂ ಮಾಡಿ, ಅಂಥ ಫಂಕ್ಷನ್‌ಗಳಿಂದ ಬರೀ 0, ಫಾಲ್ಸ್, ನಲ್ ಬರಿಸೋ ಚಾಳಿ ಬಿಡಿ. ಆಗ ಪಠ್ಯ ಖಾಲಿಯೇ ಅಂತ ನೋಡುವ ಟೆಕ್ಸ್ಟ್‌ಯುಟಿಲ್ಸ್‌ನ ಈಸ್‌ಎಂಪ್ಟಿ ಯಾವಾಗಲೂ ಫಾಲ್ಸ್. ಹೆಸರೇ ಇಲ್ಲದ ಗ್ರಾಹಕನೂ ವ್ಯಾಲಿಡೇಶನ್ ದಾಟಿ ಹೋಗುತ್ತಾನೆ. ಕೋಟ್ಲಿನ್ ಭಾಷೆಯದೇ ಆದ ಈಸ್‌ನಲ್‌ಆರ್‌ಎಂಪ್ಟಿ ಹಾಕಿದರೆ ತಗಾದೆಯೇ ಇಲ್ಲ.

‘ಇಂದಿನ ಮಾರಾಟ’ ಟೆಸ್ಟ್ ರಾತ್ರಿ 12ರಿಂದ ಬೆಳಗಿನ 5:30ರೊಳಗೆ ಮಾತ್ರ ಸಿಐನಲ್ಲಿ ಬೀಳುತ್ತಿತ್ತು. ಸರ್ವರ್ ಯುಟಿಸಿಯಲ್ಲಿದೆ (ನಮಗಿಂತ ಐದೂವರೆ ಗಂಟೆ ಹಿಂದಿನ ವಿಶ್ವ ಸಮಯ), ಅಲ್ಲಿ ಇನ್ನೂ ನಿನ್ನೆ. ಕೋಡಿಗೆ ಹೊರಗಿಂದ ಕ್ಲಾಕ್ ಕೊಟ್ಟು, ಟೆಸ್ಟ್‌ನಲ್ಲಿ ಒಂದೇ ಸಮಯಕ್ಕೆ ನಿಂತ ಕ್ಲಾಕ್.ಫಿಕ್ಸ್ಡ್ ಇಟ್ಟೆ. ಇಡೀ ಸೂಟನ್ನು ಏಷ್ಯಾ/ಕೋಲ್ಕತಾದಲ್ಲಿ ಒಮ್ಮೆ, ಯುಟಿಸಿಯಲ್ಲಿ ಒಮ್ಮೆ ಓಡಿಸುತ್ತೇನೆ. ಟೈಮ್‌ಝೋನ್ ಪ್ರಾಪರ್ಟಿಯನ್ನು ಗ್ರೇಡಲ್ ಕಮಾಂಡಿಗೆ ಕೊಟ್ಟರೆ ಟೆಸ್ಟ್ ವರ್ಕರ್‌ಗೆ (ಟೆಸ್ಟ್ ಓಡಿಸುವ ಬೇರೆ ಜೆವಿಎಂ) ತಲುಪಲ್ಲ, ಟೆಸ್ಟ್ ಟಾಸ್ಕ್‌ನಲ್ಲೇ, ಉದಾಹರಣೆಗೆ ಅದರ ಜೆವಿಎಂಆರ್ಗ್ಸ್‌ನಲ್ಲಿ, ಹಾಕಬೇಕು.

ನಡುವೆ ಮ್ಯಾಕ್ಸ್‌ಪ್ಯಾರಲಲ್‌ಫೋರ್ಕ್ಸ್ (ಒಟ್ಟಿಗೆ ಓಡುವ ಟೆಸ್ಟ್ ಜೆವಿಎಂಗಳ ಮಿತಿ) 6 ಮಾಡಿ ನೋಡಿದೆ. 8 ಜಿಬಿ ಲ್ಯಾಪ್‌ಟಾಪ್ ಮೆಮರಿ ಸಾಲದೆ ಸ್ವಾಪಿಗೆ (ಡಿಸ್ಕನ್ನೇ ಮೆಮರಿಯಾಗಿ ಬಳಸೋದು) ಬಿದ್ದು ಇನ್ನೂ ನಿಧಾನವಾಯ್ತು, 2ಕ್ಕೆ ಇಳಿಸಿದೆ. ಫೋರ್ಕ್‌ಎವ್ರಿ 1 ಇಟ್ಟರೆ ಸ್ಟ್ಯಾಟಿಕ್ ಮಾಕ್‌ಗಳು (ಟೆಸ್ಟ್‌ಗಾಗಿ ಇಟ್ಟ ನಕಲಿ ಫಂಕ್ಷನ್‌ಗಳು) ಒಂದು ಟೆಸ್ಟ್ ಕ್ಲಾಸಿನಿಂದ ಇನ್ನೊಂದಕ್ಕೆ ಸೋರೋದು ನಿಲ್ಲುತ್ತೆ, ಆದರೆ ಪ್ರತಿ ಕ್ಲಾಸಿಗೂ ಹೊಸ ಜೆವಿಎಂ ಏಳಬೇಕು, ದುಬಾರಿ. ಸೋರುವ ಕ್ಲಾಸನ್ನು ಹಿಡಿಯೋಕೆ ನನ್ನದೇ ಒಂದು ಸ್ಕ್ರಿಪ್ಟ್ ಇದೆ, ಅದು ಸದ್ಯಕ್ಕೆ ಟೀಮಿನೊಳಗೇ ಇರಲಿ. ರೂಮ್ (ಆಂಡ್ರಾಯ್ಡ್‌ನ ಡೇಟಾಬೇಸ್ ಲೈಬ್ರರಿ) ಮೈಗ್ರೇಶನ್ ಟೆಸ್ಟ್, ಅಂದರೆ ಹಳೇ ಡೇಟಾ ಹೊಸ ರಚನೆಗೆ ಸರಿಯಾಗಿ ಸಾಗುತ್ತಾ ಅನ್ನೋ ಪರೀಕ್ಷೆ ಮಾತ್ರ ಇವತ್ತಿಗೂ ಎಮ್ಯುಲೇಟರ್ ಮೇಲೆ, ರಾತ್ರಿಗೊಂದು ಸಲ.