ಜಿಂಕೆಗೆಂದು ಬಿತ್ತಿದ ಐದು ಗುಂಟೆ

ರಾಣೆಬೆನ್ನೂರಿನ ಹತ್ತಿರ ನಮ್ಮ ಹೊಲದಲ್ಲಿ ಶೇಂಗಾ ಎರಡೆಲೆ ಬಿಡುವ ಹೊತ್ತಿಗೆ ಅಪ್ಪ ರಾತ್ರಿ ಊಟ ಮುಗಿಸಿ ಕಂಬಳಿ, ಬ್ಯಾಟರಿ ಹಿಡಿದು ಹೊರಡುತ್ತಿದ್ದರು. ರಜೆಯಲ್ಲಿ ನಾನೂ ಜೊತೆಗಿರುತ್ತಿದ್ದೆ. ಕೃಷ್ಣಮೃಗಗಳಿಗೆಂದು ಅಲ್ಲಿ 1974ರಲ್ಲಿಯೇ ಅಭಯಾರಣ್ಯ ಆಗಿದೆ. ಆದರೆ ಚಿಗರಿಗಳು ಮೇಯಲು ಬರುತ್ತಿದ್ದುದು ನಮ್ಮ ಹೊಲಕ್ಕೆ. ಖಾಲಿ ಡಬ್ಬ ಬಡಿಯುತ್ತ, ನಿದ್ದೆಗಣ್ಣಿನಲ್ಲಿ ಕೂಗು ಹಾಕುತ್ತ ಅವನ್ನು ಓಡಿಸುವುದೇ ನನಗೆ ಗೊತ್ತಿದ್ದ ಕೆಲಸ.

ಆದ್ದರಿಂದ 2021ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಿಂದ ಫೋನ್ ಮಾಡಿ, "ಜಿಂಕೆ ಬರಲಿ ಎಂದು ಬೀಜ ಹಾಕುತ್ತಿದ್ದೇನೆ" ಎಂದಾಗ ಅಪ್ಪ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ನಿನ್ನನ್ನು ಓದಿಸಿದ್ದು ಹೆಚ್ಚಾಯಿತು ಅಂತ ಕಾಣುತ್ತದೆ" ಎಂದರು.

ಆ ವರ್ಷ ಟಯೋಗಾ ಕೌಂಟಿಯಲ್ಲಿ ನಾವು ಕಾಡಿನಂಚಿನ ಒಂದಿಷ್ಟು ಜಾಗ ಕೊಂಡಿದ್ದೆವು. ಎತ್ತರದ ಪ್ರದೇಶ, ತಣ್ಣಗಿನ ಊರು. ಜಾಗದ ನಡುವೆ, ಹಿಂದೆ ಯಾರೋ ಮರ ಕಡಿದು ದಿಮ್ಮಿ ಪೇರಿಸಿದ್ದ ಬಯಲೊಂದಿತ್ತು. ಹಗ್ಗ ಹಿಡಿದು ಅಳೆದೆ. ಹೆಚ್ಚುಕಡಿಮೆ ಐದು ಗುಂಟೆ, ಅಂದರೆ ಇವರ ಲೆಕ್ಕದಲ್ಲಿ ಎಕರೆಯ ಎಂಟನೇ ಒಂದು ಭಾಗ. ಇಂಥ ತುಂಡು ನೆಲದಲ್ಲಿ ಜಿಂಕೆಗಳಿಗಾಗಿ ಬೆಳೆ ಹಾಕುವುದಕ್ಕೆ ಇಲ್ಲಿ 'ಫುಡ್ ಪ್ಲಾಟ್' ಎನ್ನುತ್ತಾರೆ. ಹಾಕುವವರಲ್ಲಿ ಹೆಚ್ಚಿನವರು ಬೇಟೆಗಾರರು, ಟ್ರ್ಯಾಕ್ಟರ್ ಇದ್ದವರು. ನಾನು ಎರಡೂ ಅಲ್ಲ. ಬೆಳಗಿನ ಚಹಾ ಕುಡಿಯುತ್ತ ಬಿಳಿಬಾಲದ ಜಿಂಕೆಗಳನ್ನು ನೋಡಬೇಕು ಎನ್ನುವುದಷ್ಟೇ ನನ್ನ ಆಸೆ. ಬಯಲಿಗೆ ದಾರಿಯೂ ಇರಲಿಲ್ಲ, ಕಾಲುದಾರಿ ಮಾತ್ರ. ಏನೇ ಒಯ್ದರೂ ತಳ್ಳುಗಾಡಿಯಲ್ಲಿ ಇಲ್ಲವೇ ಹೆಗಲ ಮೇಲೆ ಒಯ್ಯಬೇಕು.

ಮೊದಲ ವರ್ಷದ ಕಥೆ ಬೇಗ ಮುಗಿಯುತ್ತದೆ. ದೊಡ್ಡ ಕೊಂಬಿನ ಗಂಡು ಜಿಂಕೆಯ ಚಿತ್ರವಿದ್ದ ದುಬಾರಿ ಬೀಜದ ಚೀಲ ತಂದೆ. ಆ ಚಿತ್ರ ಇರುವುದು ಜಿಂಕೆಗಳನ್ನು ಸೆಳೆಯಲಿಕ್ಕಲ್ಲ, ನನ್ನಂಥವರನ್ನು ಸೆಳೆಯಲಿಕ್ಕೆ ಎಂದು ಆಮೇಲೆ ತಿಳಿಯಿತು. ಸನಿಕೆಯಿಂದ ಎರಡು ವಾರಾಂತ್ಯ ಅಗೆದೆ. ರೈತನ ಮಗನೆಂಬ ಜಂಬದಲ್ಲಿ ಬೀಜವನ್ನು ಶೇಂಗಾದಂತೆ ಎರಡು ಬೆರಳು ಆಳಕ್ಕೆ ಮುಚ್ಚಿದೆ. ಚೀಲದಲ್ಲಿದ್ದುದು ಹೆಚ್ಚಾಗಿ ಕ್ಲೋವರ್ ಎಂಬ ಮೂರೆಲೆಯ ಮೇವಿನ ಗಿಡದ ಬೀಜ. ರಾಗಿಗಿಂತ ಸಣ್ಣ ಕಾಳು. ಅಷ್ಟು ಆಳದಿಂದ ಅದು ಮೇಲೇಳುವುದಿಲ್ಲ. ಅಲ್ಲಲ್ಲಿ ಹುಟ್ಟಿದ್ದೂ ಹಳದಿಯಾಗಿ ಕುಗ್ಗಿತು. ಜುಲೈ ಹೊತ್ತಿಗೆ ಬಯಲಿನ ತುಂಬ ಮೊದಲಿನ ಹಾಗೆಯೇ ಜರಿಗಿಡ ಎದ್ದು ನಿಂತಿತ್ತು.

ಆ ಜರಿಗಿಡವನ್ನು ತೋರಿಸಿಯೇ ಪಕ್ಕದ ಜಮೀನಿನ ಹಿರಿಯರು ನನಗೆ ಮೊದಲ ಪಾಠ ಹೇಳಿದ್ದು. ಅವರು ಬಿಲ್ಲಿನಿಂದ ಬೇಟೆಯಾಡುವವರು, ಮಿತಭಾಷಿ. ಕಿತ್ತರೆ ಒಣಹುಲ್ಲಿನ ವಾಸನೆ ಬರುವ ಈ ಜಾತಿಯ ಜರಿಯನ್ನು ಜಿಂಕೆ ಮುಟ್ಟುವುದಿಲ್ಲ. ಸುತ್ತಲಿನ ಮೇಪಲ್, ಓಕ್ ಸಸಿಗಳನ್ನೆಲ್ಲ ಅವು ತಿಂದು ಮುಗಿಸಿದ ಮೇಲೆ ಉಳಿಯುವುದು ಇದೇ. ಹುಳಿ ಮಣ್ಣು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. "ಬೀಜಕ್ಕೆ ಸುರಿದ ಹಣವನ್ನು ಸುಣ್ಣಕ್ಕೆ ಸುರಿಯಬೇಕಿತ್ತು" ಎಂದರು.

ಮಣ್ಣು ಪರೀಕ್ಷೆಯ ಪುಟ್ಟ ಚೀಲ ಇಲ್ಲಿ ಕೌಂಟಿಯ ಕೃಷಿ ವಿಸ್ತರಣಾ ಕಚೇರಿಯಲ್ಲೇ ಸಿಗುತ್ತದೆ. ಹತ್ತು ಹನ್ನೆರಡು ಕಡೆಯ ಮಣ್ಣು ತೆಗೆದು, ಬಕೆಟ್‌ನಲ್ಲಿ ಬೆರೆಸಿ, ಒಣಗಿಸಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಅಂಚೆಯಲ್ಲಿ ಕಳಿಸಿದೆ. ಉತ್ತರ ಬಂತು: ಪಿಎಚ್ 5.1. ಈ ಅಂಕಿ ಇಳಿದಷ್ಟೂ ಮಣ್ಣು ಹೆಚ್ಚು ಹುಳಿ. ಕ್ಲೋವರ್ ನೆಟ್ಟಗೆ ಬೆಳೆಯಬೇಕಾದರೆ ಅದು 6 ದಾಟಿ, 6.5ರ ಆಸುಪಾಸಿನಲ್ಲಿರಬೇಕು. ಮಣ್ಣು ಅಷ್ಟು ಹುಳಿಯಾಗಿದ್ದರೆ ಹಾಕಿದ ಗೊಬ್ಬರವೂ ಗಿಡಕ್ಕೆ ಪೂರ್ತಿ ದಕ್ಕುವುದಿಲ್ಲ. ಆ ಹುಳಿ ತಗ್ಗಿಸಲು ನನ್ನ ತುಂಡಿಗೆ ಬೇಕಾದ ಸುಣ್ಣದಕಲ್ಲಿನ ಪುಡಿ ಸುಮಾರು 750 ಪೌಂಡ್. ಗುಳಿಗೆ ಮಾಡಿದ ಸುಣ್ಣ 40 ಪೌಂಡಿನ ಚೀಲದಲ್ಲಿ ಬರುತ್ತದೆ, ಅಂದರೆ 19 ಚೀಲ, ಒಂದೊಂದೂ 18 ಕಿಲೋ. ಅಕ್ಟೋಬರ್‌ನ ಎರಡು ಶನಿವಾರಗಳಲ್ಲಿ ಅವನ್ನು ತಳ್ಳುಗಾಡಿಯಲ್ಲಿ ಎರಡೆರಡಾಗಿ ಸಾಗಿಸಿದೆ. ಬೇರುಗಳ ಮೇಲೆ ಗಾಲಿ ಎಗರಿದಾಗಲೆಲ್ಲ ಚೀಲ ಜಾರುತ್ತಿತ್ತು. ನನ್ನ ಹೆಂಡತಿ ಹಿಂದಿನಿಂದ ಚೀಲ ಹಿಡಿದುಕೊಂಡು ಬರುತ್ತ, "ಒಂದು ಜಿಂಕೆಗೆ ಎಷ್ಟು ಚೀಲ ಬೀಳುತ್ತದೆ, ಲೆಕ್ಕ ಹಾಕಿದ್ದೀರಾ?" ಎಂದು ಕೇಳುತ್ತಿದ್ದಳು. ಹಾಕಿರಲಿಲ್ಲ.

ಸುಣ್ಣ ಕೆಲಸ ಮಾಡಲು ತಿಂಗಳುಗಳೇ ಬೇಕು. ಹಾಗಾಗಿ ಹಿಂದಿನ ಹಿಂಗಾರಿನಲ್ಲೇ ಹಾಕಬೇಕು. ಬಿತ್ತುವ ದಿನ ಹಾಕಿ ಪ್ರಯೋಜನವಿಲ್ಲ. ಈ ಕೆಲಸಕ್ಕೆ ಇಳಿಯುವವರಿಗೆ ನಾನು ಒಂದೇ ಮಾತು ಹೇಳುವುದಾದರೆ ಇದನ್ನೇ ಹೇಳುತ್ತೇನೆ. ಜೊತೆಗೆ ಬಿಸಿಲು ಎಲ್ಲಿ ಎಷ್ಟು ಹೊತ್ತು ಬೀಳುತ್ತದೆ ಎಂದು ಜೂನ್‌ನಲ್ಲಿ ಒಂದು ದಿನ ಕೂತು ನೋಡಿಕೊಳ್ಳಿ. ನಾನು ದಕ್ಷಿಣ ದಿಕ್ಕಿನ ಆರು ಮರ ಕಡಿಸಬೇಕಾಯಿತು.

2022ರ ಜೂನ್ ಮೊದಲ ವಾರ, ಹಿಮ ಬೀಳುವ ಭಯ ಕಳೆದ ಮೇಲೆ, ಬಕ್‌ವೀಟ್ ಚೆಲ್ಲಿದೆ. ಮೂರು ಮೂಲೆಯ ಕಂದುಗಪ್ಪು ಕಾಳು. ಆರು ಪೌಂಡ್ ಸಾಕಾಯಿತು. ಈ ಸಲ ಅಗೆಯಲಿಲ್ಲ. ಜರಿಗಿಡವನ್ನು ನೆಲಮಟ್ಟಕ್ಕೆ ಸವರಿ, ಕಬ್ಬಿಣದ ರೇಕ್‌ನಿಂದ ಕಸ ಎಳೆದು, ಮಣ್ಣು ಕಾಣುವಷ್ಟು ಕೆರೆದೆ, ಅಷ್ಟೇ. ಅಗೆದರೆ ಕೆಳಗೆ ಮಲಗಿದ್ದ ಕಳೆಯ ಬೀಜಗಳೆಲ್ಲ ಮೇಲೆ ಬರುತ್ತವೆ ಎಂಬುದನ್ನು ಹಿಂದಿನ ವರ್ಷವೇ ಕಲಿತಿದ್ದೆ. ಬಕ್‌ವೀಟ್ ನಾಲ್ಕೈದು ದಿನಕ್ಕೆ ಮೊಳೆತು, ಐದು ವಾರದೊಳಗೆ ಸೊಂಟದೆತ್ತರ ಬಂದು, ಬಿಳಿ ಹೂವು ಬಿಟ್ಟಿತು. ನೆರಳಿಗೆ ಸಿಕ್ಕ ಕಳೆ ಸೊರಗಿತು. ಬೆಳಗ್ಗೆ ಅಲ್ಲಿ ನಿಂತರೆ ಜೇನುನೊಣ, ದುಂಬಿಗಳ ಮೊರೆತ. ಜಿಂಕೆಗಳೂ ಬಂದು ಅಲ್ಲಲ್ಲಿ ತುದಿ ಚಿವುಟಿ ಹೋಗಿದ್ದವು.

ತುದಿ ಚಿವುಟಿದ್ದು ಜಿಂಕೆಯೇ ಎಂದು ಹೇಗೆ ಗೊತ್ತು? ಕಾಂಡವನ್ನು ಹತ್ತಿರದಿಂದ ನೋಡಬೇಕು. ಜಿಂಕೆಗೆ ನಮ್ಮ ಎಮ್ಮೆ, ದನಗಳ ಹಾಗೆ ಮೇಲ್ದವಡೆಯ ಮುಂದೆ ಹಲ್ಲಿಲ್ಲ. ಅದು ಕತ್ತರಿಸುವುದಿಲ್ಲ, ಹಿಡಿದು ಜಗ್ಗುತ್ತದೆ. ಆದ್ದರಿಂದ ತುದಿ ಹರಿದ ಬಟ್ಟೆಯಂಚಿನಂತೆ ನಾರುನಾರಾಗಿರುತ್ತದೆ. ಮೊಲ ತಿಂದದ್ದಾದರೆ ಓರೆಯಾಗಿ ಚಾಕುವಿನಲ್ಲಿ ಕೊಯ್ದ ಹಾಗೆ ನುಣುಪು. ಇದನ್ನು ತಿಳಿದ ಮೇಲೆ ಬಯಲಿನಲ್ಲಿ ತಲೆ ತಗ್ಗಿಸಿ ನಡೆಯುವುದೇ ಒಂದು ಚಟವಾಯಿತು.

ಬಯಲನ್ನು ಎರಡು ಪಾಲು ಮಾಡಿದೆ. ಆಗಸ್ಟ್ ಮೊದಲ ವಾರ ಒಂದು ಪಾಲಿಗೆ ಮೂಲಂಗಿಯ ಬಳಗದ ಗಡ್ಡೆ ಟರ್ನಿಪ್, ಕೊನೆಯ ವಾರ ಇನ್ನೊಂದು ಪಾಲಿಗೆ ರೈ ಧಾನ್ಯ ಮತ್ತು ಬಿಳಿ ಕ್ಲೋವರ್. ಬೀಜದಂಗಡಿಯಲ್ಲಿ "ರೈ" ಎಂದು ಕೇಳಿದರೆ ಹುಡುಗನೊಬ್ಬ ರೈಗ್ರಾಸ್ ಚೀಲ ಎತ್ತಿ ಕೊಟ್ಟಿದ್ದ. ಮನೆಗೆ ಬಂದು ಚೀಲ ಬಿಚ್ಚಿದಾಗ, ತೆಳ್ಳನೆಯ ಗೋದಿಯಂಥ ಕಾಳಿನ ಬದಲು ಹೊಟ್ಟಿನಂಥ ಹಗುರ ಬೀಜ. ಎರಡೂ ಬೇರೆ ಬೇರೆ ಗಿಡ. ರೈಗ್ರಾಸ್ ಹುಲ್ಲಿನ ಜಾತಿ. ಒಮ್ಮೆ ನೆಲೆಯೂರಿದರೆ ಕ್ಲೋವರನ್ನು ಮೇಲೇಳಗೊಡುವುದಿಲ್ಲ. ಮರಳಿಸಿ ಬಂದೆ.

ಬಿತ್ತುವ ದಿನವನ್ನು ಆರಿಸಿದ್ದು ಪಂಚಾಂಗ ನೋಡಿಯಲ್ಲ, ಮೊಬೈಲಿನ ಹವಾಮಾನ ನೋಡಿ. ಮರುದಿನ ಮಳೆ ಎಂದಿತ್ತು. ನಿಂತ ಬಕ್‌ವೀಟ್ ನಡುವೆಯೇ ಬೀಜ ಚೆಲ್ಲುವುದು, ಆಮೇಲೆ ಅದನ್ನು ಮಲಗಿಸಿ ಬೀಜದ ಮೇಲೆ ಹೊದಿಕೆ ಮಾಡುವುದು, ಇದೇ ಉಪಾಯ. ಬೀಜವನ್ನು ಎರಡು ಪಾಲು ಮಾಡಿ, ಒಂದನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ನಡೆಯುತ್ತ ಚೆಲ್ಲಿದೆ. ಬಿಟ್ಟುಹೋದ ಜಾಗ ಎರಡನೇ ಸುತ್ತಿನಲ್ಲಿ ಸಿಗುತ್ತದೆ. ಟರ್ನಿಪ್ ಬೀಜ ಕಾಲು ಕಿಲೋಗಿಂತ ತುಸು ಕಡಿಮೆಯೇ ಇತ್ತು. ಬರಿಗೈಯಲ್ಲಿ ಅಷ್ಟನ್ನು ಸಮನಾಗಿ ಚೆಲ್ಲುವುದು ಹೇಗೆ ಎಂದು ಯೋಚಿಸುತ್ತಿದ್ದಾಗ ಅವ್ವ ಎಳ್ಳಿಗೆ ಮರಳು ಬೆರೆಸುತ್ತಿದ್ದುದು ನೆನಪಾಯಿತು. ಒಂದು ಬಕೆಟ್ ಒಣ ಮರಳು ಬೆರೆಸಿ, ಹಳೆಯ ಟವೆಲನ್ನು ಸೊಂಟಕ್ಕೆ ಉಡಿಯಂತೆ ಕಟ್ಟಿಕೊಂಡು ಚೆಲ್ಲಿದೆ. ಕೈಯಿಂದ ತಿರುಗಿಸುವ ಬೀಜದ ಯಂತ್ರವನ್ನೂ ಕೊಂಡಿದ್ದೆ; ರೈಗೆ ಅದು ಒಳ್ಳೆಯದು, ಸಣ್ಣ ಕಾಳಿಗೆ ಕೈಯೇ ವಾಸಿ. ಕ್ಲೋವರ್ ಬೀಜಕ್ಕೆ ಶೇಂಗಾಕ್ಕೆ ಹಚ್ಚುವ ಹಾಗೆ ರೈಜೋಬಿಯಂ, ಅಂದರೆ ಬೇರಿನ ಗಂಟಿನಲ್ಲಿದ್ದು ಗಿಡಕ್ಕೆ ಸಾರಜನಕ ಒದಗಿಸುವ ಸೂಕ್ಷ್ಮಾಣು, ಹಚ್ಚಬೇಕು, ಆದರೆ ಕ್ಲೋವರಿನದೇ ರೈಜೋಬಿಯಂ ಬೇರೆ ಇದೆ.

ಮಲಗಿಸಲು ನಾಲ್ಕಡಿ ಹಲಗೆಯ ಎರಡು ತುದಿಗೆ ಹಗ್ಗ ಕಟ್ಟಿಕೊಂಡೆ. ಹಗ್ಗ ಹಿಡಿದು ಹಲಗೆ ಎತ್ತುವುದು, ಒಂದು ಹೆಜ್ಜೆ ಮುಂದಿಡುವುದು, ಕಾಲಿನಿಂದ ಒತ್ತುವುದು. ಬಕ್‌ವೀಟ್‌ನ ಕಾಂಡ ಪೊಳ್ಳು. ಪಟಪಟ ಮುರಿದು ಒರಗುತ್ತದೆ. ಬೀಜ ಕಟ್ಟುವ ಮೊದಲೇ ಮಲಗಿಸದಿದ್ದರೆ ಅದೇ ಕಳೆಯಾಗಿ ಮತ್ತೆ ಹುಟ್ಟುತ್ತದೆ. ಎರಡನೇ ಪಾಲಿನಲ್ಲಿ ನನಗೆ ತಡವಾಗಿತ್ತು, ಹುಟ್ಟಿಯೂ ಹುಟ್ಟಿತು. ಸೆಪ್ಟೆಂಬರ್‌ನ ಹಿಮ ಅದನ್ನು ಒಂದೇ ರಾತ್ರಿಯಲ್ಲಿ ಕೊಂದು ನನ್ನ ಮಾನ ಉಳಿಸಿತು.

ಮಳೆ ಬಂತು. ಹತ್ತನೇ ದಿನ ಹೊದಿಕೆ ಸರಿಸಿದರೆ ಹಸಿರು. ಅಕ್ಟೋಬರ್‌ಗೆ ರೈ ಗೇಣೆತ್ತರ, ಟರ್ನಿಪ್ ಎಲೆ ಅಂಗೈಗಿಂತ ಅಗಲ. ಕಟ್ಟಿದ್ದ ಕ್ಯಾಮೆರಾ ನೋಡಿದರೆ ಕಾಡುಕೋಳಿಯಂಥ ಟರ್ಕಿಗಳ ಹಿಂಡು, ಒಂದು ಕರಡಿಯ ಬೆನ್ನು. ಜಿಂಕೆ ಮಾತ್ರ ಇಲ್ಲ! ಮೂರು ವಾರ ತಲೆ ಕೆಡಿಸಿಕೊಂಡೆ. ಹಿರಿಯರು ಬಂದು, ಏನೂ ಹೇಳದೆ, ಬಿಳಿ ಓಕ್ ಮರದ ಕೆಳಗೆ ಬೂಟಿನಿಂದ ಎಲೆ ಸರಿಸಿ ತೋರಿಸಿದರು. ನೆಲದ ತುಂಬ ಓಕ್ ಕಾಯಿ. ಅದು ಕಾಯಿ ಸುರಿದ ವರ್ಷ. ಅಂಥ ವರ್ಷ ಜಿಂಕೆ ಕಾಡು ಬಿಟ್ಟು ಹೊರಬರುವುದಿಲ್ಲ, ನೀವು ಏನು ಬಿತ್ತಿದರೂ ಸರಿ.

ಕಾಯಿ ಮುಗಿದು, ಹಿಮ ಬಿಗಿಯಾದ ಮೇಲೆ ಬಂದವು. ಚಳಿ ಹೆಚ್ಚಿದಂತೆ ಟರ್ನಿಪ್ ಎಲೆಯಲ್ಲಿ ಸಕ್ಕರೆ ಕೂಡುತ್ತದೆ; ಅಲ್ಲಿಯವರೆಗೆ ಮೂಸಿಯೂ ನೋಡದಿದ್ದ ಎಲೆಯನ್ನು ಡಿಸೆಂಬರ್‌ನ ಎರಡು ವಾರದಲ್ಲಿ ಬೋಳಿಸಿದವು. ಜನವರಿಯಲ್ಲಿ ಗೊರಸಿನಿಂದ ಹಿಮ ಕೆದರಿ ಗಡ್ಡೆ ಕಚ್ಚಿದವು. ರೈ ಹಿಮದಡಿಯಲ್ಲೂ ಹಸಿರಾಗಿಯೇ ಇತ್ತು.

ಒಂದು ವಿಷಯ. ಇಷ್ಟು ಕಷ್ಟಪಡುವ ಬದಲು ಮೆಕ್ಕೆಜೋಳದ ರಾಶಿ ಸುರಿಯಬಹುದಲ್ಲ ಎಂದು ಹಲವರು ಕೇಳಿದ್ದಾರೆ. ಬೇಟೆಗೆಂದು ಹಾಗೆ ಕಾಳು ಸುರಿಯುವುದಕ್ಕೆ ಇಲ್ಲಿ ಕಾನೂನಿನ ತಡೆಯಿದೆ. ಬೇಟೆಯ ಮಾತಿರಲಿ, ಕ್ರಾನಿಕ್ ವೇಸ್ಟಿಂಗ್ ಎಂಬ ಜಿಂಕೆಗಳ ಮಿದುಳಿನ ರೋಗ ಪೆನ್ಸಿಲ್ವೇನಿಯಾದಲ್ಲಿ 2012ರಲ್ಲಿ ಮೊದಲು ಕಂಡಿತು. ಅದಕ್ಕೆ ಮದ್ದಿಲ್ಲ, ಹಿಡಿದ ಜಿಂಕೆ ಉಳಿಯುವುದಿಲ್ಲ. ಒಂದೇ ರಾಶಿಗೆ ಹತ್ತು ಮೂತಿ ಇಟ್ಟರೆ ಜೊಲ್ಲಿನಿಂದ ಹರಡುತ್ತದೆ. ರೋಗ ಕಂಡ ವಲಯಗಳಲ್ಲಿ ಜಿಂಕೆಗೆ ತಿನ್ನಲು ಹಾಕುವುದೇ ನಿಷಿದ್ಧ. ಬೆಳೆದು ನಿಂತ ಹೊಲದಲ್ಲಿ ಅವು ಚದುರಿ ಮೇಯುತ್ತವೆ. ಹಾಗೆಂದು ಜಿಂಕೆಯ ಸಂತತಿಯನ್ನು ನಾನು ಉದ್ಧಾರ ಮಾಡುತ್ತಿದ್ದೇನೆ ಎಂದೂ ಹೇಳಲಾರೆ. ಇಲ್ಲಿ ಜಿಂಕೆ ಬೇಕಾದದ್ದಕ್ಕಿಂತ ಹೆಚ್ಚೇ ಇವೆ. ಬೇಟೆಯ ಮೇಲೆ ನನಗಿದ್ದ ಸಿಟ್ಟು ತಣ್ಣಗಾದದ್ದು ತಿಂದು ಬೋಳಾದ ಕಾಡನ್ನು ನೋಡಿದ ಮೇಲೆಯೇ. ಹಿರಿಯರಿಗೂ ನನಗೂ ಒಂದು ಒಪ್ಪಂದವಿದೆ: ಅವರು ನನ್ನ ಜಾಗದ ಕೆಳಗಿನ ಇಳಿಜಾರಿನಲ್ಲಿ ಕೂರಬಹುದು, ಬಯಲಿನ ಮೇಲೆ ಬಿಲ್ಲು ಎತ್ತುವಂತಿಲ್ಲ. ಈವರೆಗೆ ಮಾತು ಮುರಿದಿಲ್ಲ.

ಇನ್ನೊಂದು ಎಚ್ಚರಿಕೆ, ರಕ್ತ ಹೀರುವ ಉಣ್ಣೆಯದು. ಜಿಂಕೆ ಓಡಾಡುವ ಕಡೆ ಲೈಮ್ ರೋಗ ಹರಡುವ ಉಣ್ಣೆ ಇರುತ್ತದೆ, ಎಳೆಯದಾದರೆ ಗಸಗಸೆ ಕಾಳಿನಷ್ಟೇ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಮನೆಗೆ ಬಂದ ಕೂಡಲೇ ಮೈಯೆಲ್ಲ ನೋಡಿಕೊಳ್ಳಬೇಕು. ನನಗೆ ಮಂಡಿಯ ಹಿಂದೆ ಎರಡು ಸಲ ಸಿಕ್ಕಿವೆ.

2023ರ ಮಾರ್ಚ್ ಮೊದಲಲ್ಲಿ, ಇನ್ನೂ ನೆಲ ಹೆಪ್ಪುಗಟ್ಟಿದ್ದಾಗ, ತೆಳುವಾಗಿದ್ದ ಕಡೆ ಮತ್ತೆ ಕ್ಲೋವರ್ ಚೆಲ್ಲಿದೆ. ಆ ಹೊತ್ತಿನಲ್ಲಿ ರಾತ್ರಿ ಹೆಪ್ಪುಗಟ್ಟುವ ನೆಲ ಹಗಲು ಸಡಿಲವಾಗುತ್ತದೆ. ಬೆಳಗ್ಗೆ ಮಣ್ಣು ಜೇನುಹುಟ್ಟಿನಂತೆ ಬಿರುಕು ಬಿಟ್ಟಿರುತ್ತದೆ. ಬೀಜ ಆ ಬಿರುಕಿಗೆ ಬೀಳುತ್ತದೆ, ಮಧ್ಯಾಹ್ನ ನೆಲ ತಾನೇ ಮುಚ್ಚಿಕೊಳ್ಳುತ್ತದೆ. ರೇಕ್ ಬೇಡ, ಹಲಗೆ ಬೇಡ. ಮೂರು ವರ್ಷದಲ್ಲಿ ನಾನು ಮಾಡಿದ ಅತಿ ಸುಲಭದ ಬಿತ್ತನೆ, ಅತಿ ಚೆನ್ನಾಗಿ ಹುಟ್ಟಿದ್ದೂ ಅದೇ. ಜೊತೆಗೆ ಚಿಕೋರಿಯನ್ನೂ ಸ್ವಲ್ಪ ಹಾಕಿದೆ. ನಮ್ಮಲ್ಲಿ ಬೇರು ಹುರಿದು ಕಾಫಿಪುಡಿಗೆ ಬೆರೆಸುವ ಅದೇ ಚಿಕೋರಿ; ಇಲ್ಲಿ ಜಿಂಕೆ ಎಲೆ ತಿನ್ನುತ್ತದೆ. ಆ ಬೇಸಿಗೆಯ ಒಣ ವಾರಗಳಲ್ಲಿ ಕ್ಲೋವರ್ ಬಾಡಿದಾಗ ಆಳಕ್ಕೆ ಬೇರಿಳಿಸಿದ ಚಿಕೋರಿ ಹಾಗೆಯೇ ನಿಂತಿತ್ತು. ಮಣ್ಣನ್ನು ಮತ್ತೆ ಪರೀಕ್ಷೆ ಮಾಡಿಸಿದಾಗ ಪಿಎಚ್ 6.1.

ಜಿಂಕೆ ಎಷ್ಟು ತಿನ್ನುತ್ತಿದೆ ಎಂದು ತಿಳಿಯಲು ಬಯಲಿನ ನಡುವೆ ಮೂರಡಿ ಅಗಲದ ತಂತಿಜಾಲರಿಯ ಬಳೆಯೊಂದನ್ನು ನಿಲ್ಲಿಸಿದ್ದೆ. ಅದಿಲ್ಲದಿದ್ದರೆ ಕ್ಲೋವರ್ ಬೆಳೆಯುತ್ತಲೇ ಇಲ್ಲ ಎಂದುಕೊಳ್ಳುತ್ತಿದ್ದೆ. ಜೂನ್‌ನಲ್ಲಿ ಜಾಲರಿಯೊಳಗೆ ಮೊಣಕಾಲು ಮುಟ್ಟುವ ಹಸಿರು, ಹೊರಗೆ ಎರಡು ಬೆರಳು. ಅಪ್ಪನಿಗೆ ವಿಡಿಯೊ ಕರೆಯಲ್ಲಿ ಅದನ್ನು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು, "ಜಾಲರಿಯನ್ನು ಇಡೀ ಹೊಲಕ್ಕೆ ಹಾಕಬಾರದೇ?" ಎಂದರು. ಆಮೇಲೆ ತಮಗೇ ನಗು ಬಂದು, "ಮರೆತೇ ಹೋಯಿತು ನೋಡು" ಎಂದರು.

ಅದೇ ಸಂಜೆ ಜಾಲರಿ ಕಿತ್ತು ಕೊಟ್ಟಿಗೆಗೆ ಒಯ್ದೆ. ಬೆಳಗ್ಗೆ ಚಹಾ ಹಿಡಿದು ಹೋಗುವಷ್ಟರಲ್ಲಿ ಆ ಬಳೆ ಇದ್ದ ಜಾಗ ಯಾವುದು ಎಂದು ಹುಡುಕಬೇಕಾಯಿತು.