ಫಿಲೊಮೆನ್: ಫ್ರೆಂಚ್ ಹೆಣ್ಣುಹೆಸರೊಂದರ ಮೂಲ ಹುಡುಕುವ ಬಗೆ

ಮೈಸೂರಿನ ಅಶೋಕ ರಸ್ತೆಯಲ್ಲಿ ಓಡಾಡುವವರಿಗೆ ಸಂತ ಫಿಲೋಮಿನಾ ಚರ್ಚಿನ ಹೆಸರು ಚೆನ್ನಾಗಿ ಪರಿಚಿತ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅದರ ಅಡಿಗಲ್ಲು ಹಾಕಿದರು. ಇದೇ ಹೆಸರನ್ನು ಫ್ರೆಂಚರು 'ಫಿಲೊಮೆನ್' ಎಂದು ಹೆಣ್ಣುಮಕ್ಕಳಿಗೆ ಇಡುತ್ತಾರೆ. ಇಂಥ ಹೆಸರಿನ ಅರ್ಥ ತಿಳಿಯಬೇಕಾದರೆ, ಪಟ್ಟಿಗಳಲ್ಲಿ ಎದುರಿಗೆ ಅಚ್ಚಾಗಿರುವ ಒಂದೇ ಪದವನ್ನು ನಂಬದೆ, ಹೆಸರಿನ ರೂಪವನ್ನೂ ಅದು ಹಬ್ಬಿದ ದಾರಿಯನ್ನೂ ಬೇರೆಬೇರೆಯಾಗಿ ಪರಿಶೀಲಿಸಬೇಕು.

ಮೊದಲು ಫ್ರೆಂಚ್ ಕಾಗುಣಿತವನ್ನು ನೋಡಿ. 'ಫ' ಧ್ವನಿಗೆ ಪಿ ಮತ್ತು ಎಚ್ ಅಕ್ಷರಗಳನ್ನು ಜೋಡಿಸಿ ಬರೆದಿದ್ದರೆ ಮೂಲ ಸಾಮಾನ್ಯವಾಗಿ ಗ್ರೀಕ್. ಫ್ರೆಂಚ್ ಹೆಸರುಗಳೆಲ್ಲದರ ಬೇರು ಒಂದೇ ಅಲ್ಲ: ಕ್ಲೇರ್ ಲ್ಯಾಟಿನ್‌ನಿಂದ ಬಂದಿದೆ, ಮತಿಲ್ಡ್ ಜರ್ಮಾನಿಕ್ ಮೂಲದ್ದು.

ಅನಂತರ ಹಳೆಯ ಬರಹದ ಸಾಕ್ಷ್ಯವನ್ನು ಹುಡುಕಿ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. 1802ರಲ್ಲಿ ರೋಮಿನ ಪ್ರಿಸಿಲ್ಲಾ ನೆಲಮಾಳಿಗೆಯ ಸ್ಮಶಾನದಲ್ಲಿ ಗೋರಿಯೊಂದನ್ನು ಮುಚ್ಚಿದ್ದ ಮೂರು ಮಣ್ಣಿನ ಹೆಂಚುಗಳು ಸಿಕ್ಕವು. 'ಲುಮೆನಾ', 'ಪಾಕ್ಸ್ ತೆ', 'ಕುಮ್ ಫಿ' ಎಂದಿದ್ದ ಅವುಗಳ ಕ್ರಮವನ್ನು ಬದಲಿಸಿ ಓದಿದಾಗ 'ಫಿಲುಮೆನಾ, ನಿನಗೆ ಶಾಂತಿ' ಎಂಬ ಅರ್ಥ ಹೊರಟಿತು. ಇಲ್ಲಿರುವ 'ಲು' ಅಕ್ಷರವನ್ನು ಗಮನಿಸಬೇಕು. ಕೆಲವರು ಹೆಸರನ್ನು ಪ್ರೀತಿ ಮತ್ತು ಬಲ ಎಂಬರ್ಥದ ಎರಡು ಗ್ರೀಕ್ ಪದಗಳಾಗಿ ಒಡೆಯುತ್ತಾರೆ. ಆದರೆ ಈ 'ಲು' ಉಚ್ಚಾರಕ್ಕೆ ಹೊಂದುವುದು 'ಪ್ರೀತಿಪಾತ್ರಳು' ಎಂಬರ್ಥದ 'ಫಿಲೂಮೆನೆ' ಎಂಬ ಗ್ರೀಕ್ ರೂಪವೇ. 'ಬೆಳಕಿನ ಮಗಳು' ಎಂಬ ಜನಪ್ರಿಯ ವಿವರಣೆ ಲ್ಯಾಟಿನ್ ಪದಗಳ ಹೋಲಿಕೆಯಿಂದ ಭಕ್ತರು ಕಟ್ಟಿಕೊಂಡದ್ದು. ಅದನ್ನು ಟಿಪ್ಪಣಿಯಲ್ಲಿ ಬರೆದುಕೊಳ್ಳುವುದಾದರೆ ಭಕ್ತಿಯ ಅರ್ಥವೆಂದು ಪ್ರತ್ಯೇಕವಾಗಿ ಗುರುತಿಸಿ.

ಹೆಸರು ಹಬ್ಬಿದ ಕಾರಣಕ್ಕೆ ಚರಿತ್ರೆಯನ್ನು ನೋಡಬೇಕು. ಫ್ರಾನ್ಸಿನ ಅರ್ಸ್ ಎಂಬ ಹಳ್ಳಿಯ ಪಾದ್ರಿ ಜಾನ್-ಮಾರಿ ವಿಯಾನೆ, ಆ ಗೋರಿಯಲ್ಲಿದ್ದವಳೆಂದು ನಂಬಲಾದ ಸಂತ ಫಿಲೋಮಿನಾಳ ಭಕ್ತಿಯನ್ನು ಜನರಲ್ಲಿ ಬೆಳೆಸಿದರು. ಅಲ್ಲದೆ, ಮಕ್ಕಳ ಹೆಸರನ್ನು (ಸಂತರ ಹೆಸರುಗಳೂ ಇರುವ) ಪಂಚಾಂಗಗಳಿಂದ ಅಥವಾ ಪ್ರಾಚೀನ ಇತಿಹಾಸದಿಂದಲೇ ಆರಿಸಬೇಕೆಂಬ 1803ರ ಕಾನೂನು ಅಲ್ಲಿ ಜಾರಿಯಲ್ಲಿದ್ದುದರಿಂದ ಸಂತರ ಹೆಸರುಗಳಿಗೆ ಗಟ್ಟಿಯಾದ ನೆಲೆ ದೊರೆತಿತ್ತು. 1961ರಲ್ಲಿ ರೋಮ್ ಈ ಸಂತಳ ಹಬ್ಬವನ್ನು ಆರಾಧನಾ ಪಂಚಾಂಗದಿಂದ ಕೈಬಿಟ್ಟಿತು.

ಇಪ್ಪತ್ತನೆಯ ಶತಮಾನದ ಬಳಕೆಯನ್ನು ತಿಳಿಯಲು, ಫ್ರಾನ್ಸಿನ ಸರ್ಕಾರಿ ಅಂಕಿಅಂಶ ಸಂಸ್ಥೆಯಾದ ಇನ್ಸೀ 1900ರಿಂದ ಈಚೆಗೆ ವರ್ಷವಾರು ಒದಗಿಸುವ ಹೆಸರುಗಳ ದತ್ತಾಂಶವನ್ನು ನೋಡಬಹುದು. ಹುಡುಕುವಾಗ ಕೊನೆಯ ಅಕ್ಷರಗಳ ಮೇಲೆ ಕಣ್ಣಿರಲಿ: 'ಫಿಲೊಮೆಲ್' ಎಂಬುದು ಗ್ರೀಕ್ ಪುರಾಣದ ರಾಜಕುಮಾರಿಯೊಬ್ಬಳ ಹೆಸರು, ಅದು ಬೇರೆಯೇ.